ಹಿಂದಿಯಲ್ಲಿ ಹೇಳಿದ ಮಾತು

ನಾನು ಅವನನ್ನು ಮೊದಲು ನೋಡಿದ್ದು ಹೈದರಾಬಾದಿನ ಬೇಗಂ ಬಜಾರಿನ ಒಂದು ಪಾತ್ರೆ ಅಂಗಡಿಯಲ್ಲಿ. ವಿಶ್ವವಿದ್ಯಾಲಯದ ನಾಟಕ ವಿಭಾಗಕ್ಕೆ ಮೇಷ್ಟ್ರಾಗಿ ಸೇರಿ ನನಗೆ ಎರಡು ವರ್ಷವಾಗಿತ್ತಷ್ಟೆ. ವಿದ್ಯಾರ್ಥಿಗಳಿಂದ ಮಾಡಿಸುತ್ತಿದ್ದ ನಾಟಕಕ್ಕೆ ಒಂದು ದೊಡ್ಡ ತಾಮ್ರದ ಹಂಡೆ ಬೇಕಾಗಿತ್ತು, ಒಂದು ವಾರದ ಮಟ್ಟಿಗೆ. ಐದಾರು ಅಂಗಡಿಯವರು ಕೊಳ್ಳುವುದಾದರೆ ಕೊಳ್ಳಿ, ಎರವಲು ಕೊಡುವ ರೂಢಿಯಿಲ್ಲ ಎಂದು ಸಾಗಹಾಕಿದ್ದರು. ಏಳನೆಯದೋ ಎಂಟನೆಯದೋ ಅಂಗಡಿಯ ಮೆಟ್ಟಿಲು ಹತ್ತುವಾಗ ದುಡ್ಡಿನ ಗಲ್ಲೆಯ ಮೇಲೆ ಕೂತಿದ್ದವನು ಒಳಗಿನ ಗೋದಾಮಿನ ಕಡೆ ತಿರುಗಿ ಹೇಳಿದ:

“ಹಂಗ ಎಳೀಬ್ಯಾಡೋ, ನೆಗ್ಗತೈತಿ!”

ಕೂಗಲಿಲ್ಲ, ಬರೀ ಹೇಳಿದ. ಆದರೂ ಆ ಮಾತು ಗೋದಾಮಿನ ಕೊನೆಯ ಗೋಡೆಯವರೆಗೂ ಹೋಗಿ ಮುಟ್ಟಿದ್ದು ನನಗೆ ಗೊತ್ತಾಯಿತು. ಅಂಥ ಕಂಠವನ್ನು ಹುಡುಗರಿಗೆ ಕಲಿಸಲು ನಾನು ಎರಡು ವರ್ಷದಿಂದ ಒದ್ದಾಡುತ್ತಿದ್ದೆ. ಅದಕ್ಕಿಂತ ಹೆಚ್ಚಾಗಿ, ಅದು ಕನ್ನಡವಾಗಿತ್ತು.

“ಯಾವೂರ್ರಿ ನಿಮ್ಮದು?” ಎಂದೆ.

“ಇದೇ ಊರ್ರಿ. ಅಜ್ಜಾರು ರಾಯಚೂರು ಕಡಿಯಿಂದ ಬಂದಿದ್ರಂತ. ನಿಮ್ಮದು?”

“ಸುರಪುರ.”

“ಹಂಗಾದ್ರ ಕೂಡ್ರಿ. ಸಾಮಾನು ಆಮ್ಯಾಲೆ ನೋಡೂಣು, ಮೊದ್ಲ ಚಾ ಕುಡೀರಿ.”

ಹಂಡೆಯನ್ನು ಅವನು ಸುಮ್ಮನೇ ಕೊಟ್ಟ. ನಾಟಕ ನೋಡಲು ತಾನೂ ಬಂದ. ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದು, “ಹಂಡೆ ಛಲೋ ಮಾಡ್ತು. ಉಳಿದೋರು ಅಷ್ಟಕ್ಕಷ್ಟ” ಎಂದ. ನನಗೆ ನಗು ಬಂತು. ಅವನು ಹೇಳಿದ್ದು ಸರಿಯಾಗಿಯೇ ಇತ್ತು.

ಮುಂದಿನ ವರ್ಷ ನಾನು ವಿಭಾಗದ ಹೊರಗೆ ಒಂದು ತಂಡ ಕಟ್ಟಿದಾಗ ಮೊದಲು ಕರೆದದ್ದು ಅವನನ್ನೇ. ಅಂಗಡಿ ಯಾರು ನೋಡಬೇಕು ಅಂದ, ನನಗೆ ಇದೆಲ್ಲ ಬರಂಗಿಲ್ಲ ಅಂದ, ಕೊನೆಗೆ ನಾಲ್ಕೇ ಮಾತಿರುವ ಪೊಲೀಸನ ಪಾತ್ರಕ್ಕೆ ಒಪ್ಪಿದ. ಮೂರು ವರ್ಷದಲ್ಲಿ ನನ್ನ ನಾಟಕಗಳ ಮುಖ್ಯ ಪಾತ್ರವೆಲ್ಲ ಅವನದೇ ಆಯಿತು. ನಾನು ಅವನನ್ನು ಸಾವ್ಕಾರ ಎನ್ನುತ್ತಿದ್ದೆ, ಅವನು ನನ್ನನ್ನು ಮಾಸ್ತರ ಎನ್ನುತ್ತಿದ್ದ. ಅವನು ನನಗಿಂತ ನಾಲ್ಕು ವರ್ಷ ದೊಡ್ಡವನು. ಆದರೂ ಇಬ್ಬರ ನಡುವೆ ಇದ್ದದ್ದು ‘ನೀ’ ಒಂದೇ.

ಹೀಗೆ ಇಪ್ಪತ್ತನಾಲ್ಕು ವರ್ಷ ಕಳೆದವು.

ನಮ್ಮ ತಂಡ ಆಡುತ್ತಿದ್ದದ್ದು ಹಿಂದಿ ನಾಟಕಗಳನ್ನು, ಹೈದರಾಬಾದಿನ ದಖ್ಖನಿ ನಾಟಕಗಳನ್ನು, ಒಮ್ಮೊಮ್ಮೆ ತೆಲುಗಿನವನ್ನು. ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದದ್ದು ತೆಲುಗು, ಇಂಗ್ಲಿಷಿನಲ್ಲಿ. ತಾರ್ನಾಕದಲ್ಲಿ ಮಹಡಿಯ ಮೇಲೆ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆ, ಮನೆ ಮಾಲೀಕರು ತೆಲುಗರು. ಮದುವೆ ಆಗಲಿಲ್ಲ. ಆಗಬಾರದೆಂದು ನಿಶ್ಚಯ ಮಾಡಿಕೊಂಡವನೇನಲ್ಲ. ಒಂದು ನಾಟಕ ಮುಗಿಯಲಿ, ಇನ್ನೊಂದು ಮುಗಿಯಲಿ ಅನ್ನುವುದರಲ್ಲಿ ವಯಸ್ಸು ಮೀರಿತು, ಕೇಳುವವರೂ ಕೇಳುವುದನ್ನು ಬಿಟ್ಟರು. ಊರಲ್ಲಿ ಅವ್ವ ತೀರಿಕೊಂಡ ಮೇಲೆ ನಾನು ಕನ್ನಡದಲ್ಲಿ ಮಾತಾಡುತ್ತಿದ್ದದ್ದು ಸಾವ್ಕಾರನ ಜೊತೆಗೆ, ಅವನ ಹೆಂಡತಿಯ ಜೊತೆಗೆ, ಅಷ್ಟೆ.

ತಂಡದಲ್ಲಿ ಬೇರೆ ಯಾರಿಗೂ ಕನ್ನಡ ಬರುತ್ತಿರಲಿಲ್ಲ. ಹಾಗಾಗಿ ಎಲ್ಲರ ಎದುರಿಗೇ ನಾನು ಅವನನ್ನು ತಿದ್ದಬಹುದಾಗಿತ್ತು, ಒಬ್ಬರಿಗೂ ತಿಳಿಯುತ್ತಿರಲಿಲ್ಲ.

“ಸಾವ್ಕಾರ, ಕೈ ಭಾಳ ಆಡಸಾಕತ್ತೀ. ಕಿಸೆದಾಗ ಇಟ್ಕೋ.”

“ಈ ಅಂಗಿಗೆ ಕಿಸೇನ ಇಲ್ಲ ಮಾಸ್ತರ.”

ಹುಡುಗರು ನಮ್ಮಿಬ್ಬರ ಮುಖ ನೋಡುತ್ತಿದ್ದರು. ಅದೇನೋ ರಂಗಭೂಮಿಯ ಗುಟ್ಟು ಮಾತಾಡಿಕೊಳ್ಳುತ್ತಿದ್ದಾರೆ ಎಂದು ತಿಳಿಯುತ್ತಿದ್ದರೇನೋ. ಅವನಿಗೆ ನಾನು ಬೈದದ್ದು ಈ ಇಪ್ಪತ್ತನಾಲ್ಕು ವರ್ಷದಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಭಾನುವಾರ ಮಧ್ಯಾಹ್ನದ ಊಟ ಅವನ ಮನೆಯಲ್ಲಿ. ಅಂಗಡಿಯ ಮೇಲಿನ ಮಹಡಿಯಲ್ಲೇ ಮನೆ. ಅವನ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಒಲೆಯ ಮುಂದೆ ಕೂತು ಬಿಸಿ ಬಿಸಿ ಜೋಳದ ರೊಟ್ಟಿ ತಟ್ಟಿ ಹಾಕುತ್ತಿದ್ದರು. ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಒಂದು ಲೋಟ ಮಜ್ಜಿಗೆ. “ಇನ್ನೊಂದು ಹಾಕಸ್ಕೋರಿ ಮಾಸ್ತರ್ರೀ, ನಾಳೆಯಿಂದ ಮತ್ತ ಆ ಮೆಸ್ಸಿನ ಅನ್ನಾನೇ ಉಣ್ಣಾವ್ರು” ಎಂದು ಒತ್ತಾಯ ಮಾಡುತ್ತಿದ್ದರು. ಊಟವಾದ ಮೇಲೆ ಅವನು ಮಾತುಗಳನ್ನು ಒಪ್ಪಿಸುತ್ತಿದ್ದ, ನಾನು ಹಸ್ತಪ್ರತಿ ಹಿಡಿದು ಕೂತಿರುತ್ತಿದ್ದೆ. ಅವನ ಇಬ್ಬರು ಗಂಡುಮಕ್ಕಳು ನಮ್ಮನ್ನು ದಾಟಿಕೊಂಡು ಓಡಾಡುತ್ತ ದೊಡ್ಡವರಾದರು.

ಆಮೇಲೆ ಊರು ಪಶ್ಚಿಮಕ್ಕೆ ಬೆಳೆಯತೊಡಗಿತು. ಬಂಡೆಗಳಿದ್ದ ಕಡೆ ಗಾಜಿನ ಕಟ್ಟಡಗಳು ಎದ್ದವು. ನಾನು ಕಲಿಸಿದ ಹುಡುಗರು ಕಾಲ್ ಸೆಂಟರಿಗೆ, ಎಫ್‌ಎಂ ರೇಡಿಯೋಕ್ಕೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ತರಬೇತಿ ಕೊಡುವ ಕೆಲಸಕ್ಕೆ ಹೋದರು. ಹೋದದ್ದು ತಪ್ಪು ಎಂದು ನಾನು ಎಂದೂ ಹೇಳಲಿಲ್ಲ. ನನ್ನನ್ನೂ ಕಂಪನಿಗಳು ಕರೆಯುತ್ತಿದ್ದವು. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿಕೊಂಡ ನಲವತ್ತು ಮಂದಿಯನ್ನು ವೃತ್ತಾಕಾರದಲ್ಲಿ ನಿಲ್ಲಿಸಿ, ಈಗ ಮನಸ್ಸು ಬಿಚ್ಚಿ ಒಮ್ಮೆ ಕೂಗಿ ಎಂದರೆ, ಒಬ್ಬಳು ಹುಡುಗಿ ಕೈಯೆತ್ತಿ, “ಸರ್, ಎಷ್ಟು ಜೋರಾಗಿ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪಕ್ಕದ ಕೋಣೆಯಲ್ಲಿ ಮೀಟಿಂಗ್ ನಡೆದಿತ್ತು.

ಅದೇ ಸಮಯಕ್ಕೆ ನನ್ನನ್ನು ಒಂದು ಕಲಾಕೇಂದ್ರದ ಮುಖ್ಯಸ್ಥನನ್ನಾಗಿ ಮಾಡಿದರು. ಹೊಸ ಕಟ್ಟಡ, ಹೊಸ ರಂಗಮಂದಿರ, ನನಗೊಂದು ಕೋಣೆ, ಬಾಗಿಲ ಮೇಲೆ ಹಿತ್ತಾಳೆಯ ಫಲಕ. ದಿನವಿಡೀ ಸಹಿ ಹಾಕುವುದು, ಸಭೆಯಲ್ಲಿ ಕೂರುವುದು. ಮೊದಲಾದರೆ ಯಾರಾದರೂ ಬಂದು ಜಗಳವಾಡಿಯಾದರೂ ಹೋಗುತ್ತಿದ್ದರು. ಈಗ ಎಲ್ಲರೂ ನಮಸ್ಕಾರ ಮಾಡಿ, ಕೇಳಬೇಕಾದ್ದನ್ನು ಕೇಳಿ, ಎದ್ದು ಹೋಗುತ್ತಿದ್ದರು. ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ರಂಗಮಂದಿರದ ಉದ್ಘಾಟನೆಗೆ ಒಂದು ಹೊಸ ನಾಟಕ ಬೇಕು ಎಂದರು. ಪ್ರಾಯೋಜಕರಾಗಿ ಒಂದು ಕಂಪನಿ ಮುಂದೆ ಬಂದಿತ್ತು. ನಾನೇ ಹಿಂದಿಯಲ್ಲಿ ಒಂದನ್ನು ಬರೆದೆ. ಹಳೆಯ ಕಚೇರಿಯೊಂದರ ದಫ್ತರಖಾನೆಯಲ್ಲಿ ಕಡತಗಳನ್ನು ಕಾಯುವ ಮುದುಕ ಮುನ್ಷಿಯ ಕಥೆ ಅದು. ಆ ಕಡತಗಳ ಲಿಪಿ ಓದಬಲ್ಲವರು ಅವನನ್ನು ಬಿಟ್ಟು ಇನ್ಯಾರೂ ಉಳಿದಿರುವುದಿಲ್ಲ. ಎರಡನೆಯ ಅಂಕದಲ್ಲಿ ಅವನೊಬ್ಬನೇ ನಿಂತು ಹೇಳುವ ಒಂದು ದೀರ್ಘ ಮಾತಿತ್ತು. ಅದನ್ನು ಸಾವ್ಕಾರನ ಕಂಠಕ್ಕೆಂದೇ ಬರೆದಿದ್ದೆ.

ಉಳಿದ ನಟರೆಲ್ಲ ಐಟಿ ಕೆಲಸದವರು, ವಾರಪೂರ್ತಿ ಬಿಡುವಿಲ್ಲದವರು. ಆದ್ದರಿಂದ ತಾಲೀಮು ಭಾನುವಾರ ಬೆಳಿಗ್ಗೆಗೆ ಬಂತು, ನಮ್ಮ ಭಾನುವಾರದ ಊಟ ನಿಂತಿತು. ಮೂರನೆಯ ವಾರವೇ ನಾನು ಗಮನಿಸಿದೆ. ಸಾವ್ಕಾರ ಒಂದು ಮಾತಿನ ಅರ್ಧಕ್ಕೆ ನಿಲ್ಲುತ್ತಿದ್ದ, ಮೂಗು ಉಜ್ಜಿಕೊಂಡು, ದಖ್ಖನಿಯಲ್ಲಿ ಏನೋ ತಮಾಷೆ ಮಾಡಿ, ಅಲ್ಲಿಂದ ಜಾರಿಕೊಳ್ಳುತ್ತಿದ್ದ. ಹುಡುಗರು ನಗುತ್ತಿದ್ದರು. ನಾನೂ ನಕ್ಕೆ. ಐದನೆಯ ವಾರ ಎರಡನೆಯ ಅಂಕದಿಂದ ಮೊದಲನೆಯ ಅಂಕಕ್ಕೆ ಹೋಗಿಬಿಟ್ಟ. ಅವನ ಮಗಳ ಪಾತ್ರ ಮಾಡುತ್ತಿದ್ದ ಹುಡುಗಿ ಕಂಗಾಲಾಗಿ ನನ್ನ ಕಡೆ ನೋಡಿದಳು.

ಅವತ್ತು ಚಹಾ ಕುಡಿಯುವಾಗ ಅವನೇ ಹೇಳಿದ.

“ಮಾಸ್ತರ, ಇತ್ತಿತ್ಲಾಗ ಮಾತು ತಪ್ಪಾಕತ್ತಾವು. ಮನ್ಯಾಗ ಹೇಳಿದ್ರ ಬರ್ತಾವು. ಇಲ್ಲಿ ಬಂದು ನಿಂತ್ರ ಹೋಗಿಬಿಡ್ತಾವು.”

“ವಯಸ್ಸಾತು. ಇನ್ನೊಂದಿಷ್ಟು ಪಾಠ ಮಾಡು” ಎಂದೆ.

“ಹೂಂ, ಮಾಡ್ತೀನಿ” ಎಂದ. ಲೋಟ ಕೆಳಗಿಟ್ಟು, “ಮೊನ್ನಿ ಅಂಗಡಿಯಿಂದ ಮ್ಯಾಲೆ ಮನಿಗೆ ಹೋಗಾಕ ಹೊರಗ ರಸ್ತೇಕ ಇಳಿದಿದ್ದೆ ನೋಡು” ಎಂದ. ನಾನು ಅದನ್ನು ತಮಾಷೆ ಎಂದೇ ತಿಳಿದೆ. ಡಾಕ್ಟರ ಹತ್ತಿರ ಹೋಗೋಣ ನಡಿ ಎಂದು ಹೇಳಬೇಕಾದ ಗಳಿಗೆ ಅದು. ನನ್ನ ತಲೆಯಲ್ಲಿ ಆಗ ದೀಪಗಳ ವ್ಯವಸ್ಥೆ ಇತ್ತು, ಆಹ್ವಾನ ಪತ್ರಿಕೆಯ ಕರಡು ಇತ್ತು.

ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಪೂರ್ತಿ ನಾಟಕವನ್ನು ಒಮ್ಮೆ ಓಡಿಸಿದೆವು. ಕಂಪನಿಯ ಮೂವರು ನೋಡಲು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದರು. ಎರಡನೆಯ ಅಂಕದ ಆ ಮಾತಿಗೆ ಸಾವ್ಕಾರ ಬೆಳಕಿಗೆ ಬಂದು ನಿಂತ. ನಾಲ್ಕು ಸಾಲು ಹೇಳಿದ. ಎಂಥ ನಾಲ್ಕು ಸಾಲು! ಆಮೇಲೆ ನಿಂತ. ಮಗಳ ಪಾತ್ರದ ಹುಡುಗಿ ಪಕ್ಕದಿಂದ ಪಿಸುಗುಟ್ಟಿದಳು. ಅವಳು ಹೇಳಿಕೊಟ್ಟದ್ದನ್ನು ಹೇಳಿ ಮತ್ತೆ ನಿಂತ. ಇನ್ನೊಮ್ಮೆ ಪಿಸುಗುಟ್ಟಿದಳು. ಈ ಸಲ ಅವನಿಗೆ ಕೇಳಿಸಿತೋ ಇಲ್ಲವೋ. ಮುಂದಿನ ಸಾಲಿನಲ್ಲಿ ಒಬ್ಬರು ಕಾಲಿನ ಮೇಲೆ ಹಾಕಿದ್ದ ಕಾಲನ್ನು ಇಳಿಸಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಸಾವ್ಕಾರ ಕಣ್ಣಿಗೆ ಕೈ ಅಡ್ಡ ಹಿಡಿದು, ಕತ್ತಲಲ್ಲಿ ನಾನು ಕೂತಿದ್ದ ಕಡೆ ನೋಡಿದ.

“ಮಾಸ್ತರ, ಒಂದ್ಸಲ ಎತ್ತಿಕೊಡು” ಎಂದ.

ನಾನು ಎದ್ದು ನಿಂತು ಹಿಂದಿಯಲ್ಲಿ ಹೇಳಿದೆ: “ಆಪ್ ರಹನೇ ದೀಜಿಯೇ. ಆರಾಮ್ ಕೀಜಿಯೇ. ಯೇ ರೋಲ್ ಅಬ್ ಮೈ ಕರ್ ಲೂಂಗಾ.”

ತಾವು ಬಿಡಿ, ವಿಶ್ರಾಂತಿ ತೆಗೆದುಕೊಳ್ಳಿ, ಈ ಪಾತ್ರ ಇನ್ನು ನಾನು ಮಾಡುತ್ತೇನೆ. ಇಪ್ಪತ್ತನಾಲ್ಕು ವರ್ಷ ‘ನೀ’ ಎಂದವನಿಗೆ ‘ಆಪ್’ ಎಂದೆ.

ಅವನು ಕೈ ಇಳಿಸಿದ. “ಜೀ, ಸರ್” ಎಂದ. ತಲೆಯ ಮೇಲಿದ್ದ ಮುನ್ಷಿಯ ಟೊಪ್ಪಿಗೆ ತೆಗೆದ, ಹೆಗಲಿನ ಶಾಲನ್ನು ನಾಲ್ಕು ಮಡಿಕೆ ಮಾಡಿದ, ಎರಡನ್ನೂ ಮೇಜಿನ ಮೇಲಿಟ್ಟ. ಅಂಗಡಿಯಲ್ಲಿ ಗಿರಾಕಿ ಕೊಳ್ಳದೆ ಬಿಟ್ಟುಹೋದ ಸಾಮಾನನ್ನು ಎತ್ತಿಡುವಂತೆ, ಯಾವ ಅವಸರವೂ ಇಲ್ಲದೆ. ಮೆಟ್ಟಿಲಿಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ ನನ್ನ ಪಕ್ಕದಿಂದಲೇ ಹಾದು ಹೋದ.

ಯಾಕೆ ಹಿಂದಿಯಲ್ಲಿ ಹೇಳಿದೆ ಎಂದು ಎಷ್ಟೋ ವರ್ಷ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಎಲ್ಲರಿಗೂ ತಿಳಿಯಲಿ ಎಂದು, ಇದು ಒಂದೇ ಮಾತಿನಲ್ಲಿ ಮುಗಿದುಹೋಗಲಿ ಎಂದು, ಮುಖ್ಯಸ್ಥ ಗೆಳೆತನ ನೋಡುವುದಿಲ್ಲ ಎಂಬುದನ್ನು ಆ ಮೂವರು ನೋಡಲಿ ಎಂದು. ಇದೆಲ್ಲ ನಿಜವೇ. ಆದರೆ ಕನ್ನಡದಲ್ಲಾಗಿದ್ದರೆ ಅದನ್ನು ನನ್ನಿಂದ ಹೇಳಲು ಆಗುತ್ತಲೇ ಇರಲಿಲ್ಲ. “ಸಾವ್ಕಾರ, ಏನಾಗೈತಿ ನಿನಗ?” ಎಂದು ಕೇಳಬೇಕಾಗುತ್ತಿತ್ತು.

ಇನ್ನೊಂದು ಮಾತನ್ನೂ ಇಲ್ಲಿ ಬರೆಯಬೇಕು. ಆ ಪಾತ್ರದ ಮಾತುಗಳೆಲ್ಲ ನನಗೆ ಬಾಯಿಪಾಠವಾಗಿ ತಿಂಗಳಾಗಿತ್ತು. ನಾನು ನಟನಾಗಿ ವೇದಿಕೆಯ ಮೇಲೆ ಕೊನೆಯ ಸಲ ನಿಂತು ಹನ್ನೊಂದು ವರ್ಷವಾಗಿತ್ತು. ಶಾಲು ಹೊದ್ದುಕೊಂಡು ಮರುದಿನ ಆ ಬೆಳಕಿಗೆ ಹೋಗಿ ನಿಂತಾಗ ನನಗೆ ಸಂತೋಷವಾಯಿತು.

ಪ್ರದರ್ಶನ ಮೂರು ಸಂಜೆ. ಮೊದಲ ಸಂಜೆ ತೆರೆ ಸರಿದಾಗಲೇ ಅವನನ್ನು ಕಂಡೆ. ಮೂರನೆಯ ಸಾಲಿನ ಅಂಚಿನ ಕುರ್ಚಿ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಬ್ಬನೇ ಬಂದಿದ್ದ. ನಾನು ಮಾತು ಶುರು ಮಾಡಿದೆ, ಅವನ ತುಟಿಗಳೂ ಶುರುವಾದವು. ಮೊದಲು ನನ್ನ ಭ್ರಮೆ ಎಂದುಕೊಂಡೆ. ಅಲ್ಲ. ಮುನ್ಷಿಯ ಒಂದೊಂದು ಮಾತನ್ನೂ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡು, ಸದ್ದಿಲ್ಲದೆ ಹೇಳುತ್ತಿದ್ದ. ಎರಡನೆಯ ಅಂಕದ ಆ ದೀರ್ಘ ಮಾತನ್ನೂ ಒಂದಕ್ಷರ ಬಿಡದೆ ಹೇಳಿದ. ನಾನು ಅವನ ಹಿಂದೆ ಹಿಂದೆ ಹೋಗುತ್ತಿದ್ದಂತೆ ಇತ್ತು.

ಎರಡನೆಯ ಸಂಜೆಯೂ ಬಂದ, ಅದೇ ಕುರ್ಚಿ. ಆ ಸಂಜೆ ದೀರ್ಘ ಮಾತಿನ ನಡುವೆ ನನಗೆ ಮುಂದಿನ ಸಾಲು ಮರೆತುಹೋಯಿತು. ಬಾಯಿ ತೆರೆದಿದ್ದೇನೆ, ಏನೂ ಇಲ್ಲ. ನಾನು ಬರೆದದ್ದೇ ನನಗಿಲ್ಲ. ಕಣ್ಣು ತಾನಾಗಿಯೇ ಮೂರನೆಯ ಸಾಲಿಗೆ ಹೋಯಿತು. ಅವನು ನನ್ನನ್ನೇ ನೋಡುತ್ತಿದ್ದ. ತುಟಿಗಳು ಮುಚ್ಚಿದ್ದವು.

ಪಕ್ಕದಿಂದ ಯಾರೋ ಮಾತು ಎತ್ತಿಕೊಟ್ಟರು, ನಾಟಕ ಮುಂದುವರಿಯಿತು. ನೋಡುವವರು ಅದನ್ನು ಅಭಿನಯದ ಮೌನವೆಂದು ತಿಳಿದರು, ಪತ್ರಿಕೆಯೊಂದು ಆ ಮೌನವನ್ನು ಹೊಗಳಿತು ಕೂಡ. ಅವನು ಬೇಕೆಂದೇ ಬಾಯಿ ಮುಚ್ಚಿಕೊಂಡನೋ, ಅಥವಾ ಅವನಿಗೂ ಅದೇ ಜಾಗದಲ್ಲಿ ಮರೆತುಹೋಯಿತೋ, ನನಗೆ ಈವತ್ತಿಗೂ ತಿಳಿಯದು. ಮೂರನೆಯ ಸಂಜೆ ಆ ಕುರ್ಚಿಯಲ್ಲಿ ಬೇರೆ ಯಾರೋ ಕೂತಿದ್ದರು.

ಒಂದು ವಾರ ಬಿಟ್ಟು ಬೇಗಂ ಬಜಾರಿಗೆ ಹೋದೆ. ಗಲ್ಲೆಯ ಮೇಲೆ ಕೂತಿದ್ದ. “ಸಾವ್ಕಾರ, ಆರಾಮ ಇದ್ದೀಯೇನು?” ಎಂದೆ.

“ಆಯಿಯೇ ಸಾಬ್, ಬೈಠಿಯೇ” ಎಂದ, ಬನ್ನಿ ಸಾಹೇಬರೇ, ಕೂತುಕೊಳ್ಳಿ ಎಂದು. ಚಹಾ ತರಿಸಿದ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರ ಕೊಟ್ಟ. ಸಿಟ್ಟಿರಲಿಲ್ಲ. ಹೊಸದಾಗಿ ಬಂದ ವ್ಯಾಪಾರಿಗೆ ತೋರಿಸುವ ಮರ್ಯಾದೆ, ಅಷ್ಟೇ ಇತ್ತು. ಇನ್ನೂ ಎರಡು ಸಲ ಹೋದೆ. ತಪ್ಪಾಯಿತು ಎನ್ನಬೇಕೆಂದು ಹೋದವನು ಚಹಾ ಕುಡಿದು ಬಂದೆ. ಗಿರಾಕಿಗಳು ಬರುತ್ತಿದ್ದರು, ನಾನು ಎದ್ದು ಹಿಂದಕ್ಕೆ ಸರಿದು ದಾರಿ ಬಿಡಬೇಕಾಗುತ್ತಿತ್ತು. ನಾಲ್ಕನೆಯ ಸಲ ಹೋಗಲಿಲ್ಲ.

ಅದಾದ ಮೇಲಿನ ಎರಡು ವರ್ಷಗಳ ಬಗ್ಗೆ ಹೆಚ್ಚೇನೂ ಹೇಳುವಂಥದ್ದಿಲ್ಲ. ಕಲಾಕೇಂದ್ರ ಚೆನ್ನಾಗಿ ನಡೆಯಿತು. ಸನ್ಮಾನಗಳಾದವು, ಶಾಲುಗಳು ಕಪಾಟು ತುಂಬಿದವು. ಭಾನುವಾರಗಳು ಮಾತ್ರ ಬಲು ಉದ್ದವಾದವು. ಬಟ್ಟೆ ಒಗೆದು ಹರವಿ, ಅನ್ನ ಸಾರು ಮಾಡಿ ಉಂಡರೂ ಗಡಿಯಾರದಲ್ಲಿ ಒಂದು ಗಂಟೆ. ಕಾಚಿಗುಡ ಸ್ಟೇಷನ್ನಿನ ಅಂಗಡಿಗೆ ಕನ್ನಡ ಪತ್ರಿಕೆ ಒಂದು ದಿನ ತಡವಾಗಿ ಬರುತ್ತಿತ್ತು. ಅದನ್ನು ತಂದು, ಬಾಗಿಲು ಹಾಕಿಕೊಂಡು, ಗಟ್ಟಿಯಾಗಿ ಓದತೊಡಗಿದೆ. ಬಾಯಿಗೆ ಅಭ್ಯಾಸ ತಪ್ಪಬಾರದು ಅಂತ. ಒಂದು ದಿನ ಕೆಳಗಿನ ಮನೆಯಾಕೆ ಮೆಟ್ಟಿಲ ಬಳಿ ನಿಂತು, “ಎವರು ವಚ್ಚಾರು ಸಾರ್, ಚುಟ್ಟಾಲಾ?” ಎಂದು ಕೇಳಿದರು. ಯಾರು ಬಂದಿದ್ದಾರೆ, ನೆಂಟರೇ ಎಂದು. ಹೌದು, ಊರಿಂದ ಬಂದಿದ್ದರು, ಹೋದರು ಎಂದೆ. ಅಂದಿನಿಂದ ಮೆಲ್ಲಗೆ ಓದುತ್ತಿದ್ದೆ.

ಒಂದು ಬೆಳಿಗ್ಗೆ ವೈನಿಯ ಫೋನು ಬಂತು. ಅಂಗಡಿ ಮುಚ್ಚಿದ್ದರಂತೆ. ದೊಡ್ಡ ಮಗನಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ, ಮಿಯಾಪುರದಲ್ಲಿ ಫ್ಲಾಟು ಕೊಂಡಿದ್ದಾನೆ, ಇವರೂ ಅಲ್ಲೇ ಇದ್ದಾರೆ.

“ಅವರಿಗೆ ಹಿಂದಿ, ತೆಲುಗು ಎಲ್ಲಾ ಹೋಗಿಬಿಟ್ಟೈತ್ರಿ ಮಾಸ್ತರ್ರೀ” ಎಂದರು. “ಬರೀ ಕನ್ನಡ ಒಂದ ಉಳದೈತಿ. ಸೊಸಿಗೆ ತಿಳಿಯಂಗಿಲ್ಲ, ಮೊಮ್ಮಕ್ಕಳಿಗೆ ತಿಳಿಯಂಗಿಲ್ಲ. ಮಗಗರ ಎಲ್ಲಿ ಹೊತ್ತು ಐತ್ರಿ? ದಿನಾ ಪೂರ್ತಿ ನನ್ನ ಜೋಡಿನ ಮಾತಾಡಬೇಕು. ನಂಗೂ ಸಾಕಾಗೈತಿ. ನೀವು ಒಂದಿಷ್ಟು ಬಂದು ಹೋಗ್ರಿ.”

ಆ ಭಾನುವಾರವೇ ಎರಡು ಬಸ್ಸು ಬದಲಿಸಿ ಮಿಯಾಪುರಕ್ಕೆ ಹೋದೆ. ಒಂದೇ ಬಣ್ಣದ, ಒಂದೇ ಅಳತೆಯ ಕಟ್ಟಡಗಳು. ಅವರ ಫ್ಲಾಟು ಐದನೆಯ ಮಹಡಿಯಲ್ಲಿತ್ತು. ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ, ಮೈ ಇಳಿದಿತ್ತು. ನನ್ನನ್ನು ನೋಡಿ ಎದ್ದು ನಿಂತು ಕೈಮುಗಿದ.

“ಬರ್ರಿ, ಕೂಡ್ರಿ. ಯಾವೂರ್ರಿ ನಿಮ್ಮದು?”

“ಸುರಪುರ” ಎಂದೆ.

“ಛಲೋ ಊರು. ಏನ್ ಉದ್ಯೋಗ ಮಾಡ್ತೀರಿ?”

“ನಾಟಕ ಆಡಿಸ್ತೀನ್ರಿ” ಎಂದೆ.

ಅವನ ಮುಖ ಅರಳಿತು. “ನಾನೂ ನಾಟಕ ಮಾಡ್ತಿದ್ದೆ. ಒಬ್ಬ ಮಾಸ್ತರ ಇದ್ದ ನಮಗ. ಭಾಳ ಸಿಟ್ಟಿನಾಂವ. ಆದ್ರ ಕೆಲಸ ಗೊತ್ತಿದ್ದಾಂವ.”

“ಆಮ್ಯಾಲೆ?”

“ಆಮ್ಯಾಲೆ ಏನ್ರಿ, ಬಿಟ್ಟೆ. ಅಂಗಡಿ ಕೆಲಸ ಭಾಳ ಇರ್ತಿತ್ತು.”

“ಆ ಮಾಸ್ತರ ನಿಮಗ ಏನರ ತಪ್ಪು ಮಾಡಿದ್ನೇನ್ರಿ?” ಎಂದೆ.

ಅವನು ಎದುರಿನ ಅರ್ಧ ಕಟ್ಟಿದ ಕಟ್ಟಡದ ಕಡೆ ನೋಡಿದ, ಅಲ್ಲಿ ಹೆಂಗಸರು ತಲೆಯ ಮೇಲೆ ಇಟ್ಟಿಗೆ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. “ಯಾರು?” ಎಂದ.

ಒಂದು ವರ್ಷಕ್ಕೂ ಹೆಚ್ಚು ಕಾಲ ಪ್ರತಿ ಭಾನುವಾರ ಹೋದೆ. ಪ್ರತಿ ಸಲವೂ ನನ್ನ ಊರು ಕೇಳುತ್ತಿದ್ದ. ಆಮೇಲೆ ಎರಡು ಮೂರು ಗಂಟೆ ಮಾತಾಡುತ್ತಿದ್ದ. ಅವನ ಅಜ್ಜ, ಹಿತ್ತಾಳೆ ಕಾಯಿಸುವ ಬಗೆ, ತನ್ನ ಮದುವೆಯಲ್ಲಿ ಮಾವನವರು ಮುನಿಸಿಕೊಂಡದ್ದು. ಅದೆಲ್ಲ ನನಗೆ ಮೊದಲೇ ಗೊತ್ತಿತ್ತು, ಆದರೂ ಕೇಳುತ್ತಿದ್ದೆ. ಅವನು ನನ್ನನ್ನು ‘ನೀವು’ ಎನ್ನುತ್ತಿದ್ದ. ನಾನೂ ಹಾಗೆಯೇ ಅನ್ನುತ್ತಿದ್ದೆ. ಒಂದು ಸಲ, ಒಂದೇ ಸಲ, ಕ್ಷಮೆ ಕೇಳಿದೆ. “ಸಾವ್ಕಾರ, ಅವತ್ತು ನಾ ನಿನಗ ಹಂಗ ಅನಬಾರದಿತ್ತು” ಎಂದೆ. “ಇರ್ಲಿ ಬಿಡ್ರಿ” ಎಂದು ನನ್ನ ಮೊಣಕಾಲು ತಟ್ಟಿದ. ಯಾರಿಗೆ ಹೇಳಿದನೋ, ಯಾವುದಕ್ಕೆ ಹೇಳಿದನೋ. ಬಸ್ಸಿನಲ್ಲಿ ಮನೆಗೆ ಬರುವಾಗ ಅದನ್ನು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಲು ಎಷ್ಟೋ ಪ್ರಯತ್ನಪಟ್ಟೆ, ಆಗಲಿಲ್ಲ.

ಮಳೆಗಾಲದ ಒಂದು ವಾರದಲ್ಲಿ ಜ್ವರ ಬಂದು, ಆಸ್ಪತ್ರೆಗೆ ಸೇರಿದ ಮೂರನೆಯ ದಿನ ತೀರಿಕೊಂಡ. ಸುದ್ದಿ ತಿಳಿದು ನಾನು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದಿದ್ದರು. ತಂಡದ ಹಳಬರು ಯಾರೂ ಬಂದಿರಲಿಲ್ಲ, ಅವರಿಗೆ ತಿಳಿಸಬೇಕಾದವನು ನಾನೇ ಆಗಿದ್ದೆ. ಮೊಮ್ಮಗಳು ನನಗೆ ನೀರು ತಂದುಕೊಟ್ಟು, ನಾನು ಯಾರೆಂದು ಅಪ್ಪನನ್ನು ಹಿಂದಿಯಲ್ಲಿ ಕೇಳಿದಳು. “ದಾದಾಜೀ ಕೇ ದೋಸ್ತ್” ಎಂದ ಮಗ, ಅಜ್ಜನ ಗೆಳೆಯರು ಎಂದು.

ತಿಂಗಳಾದ ಮೇಲೆ ವೈನಿಯನ್ನು ನೋಡಲು ಹೋದೆ. ಅವರು ಪುಣೆಯಲ್ಲಿರುವ ಸಣ್ಣ ಮಗನ ಹತ್ತಿರ ಹೋಗುವವರಿದ್ದರು, ಚೀಲಗಳು ಹಾಲಿನಲ್ಲೇ ಇದ್ದವು. ಊಟಕ್ಕೆ ಕೂಡ್ರಿಸಿ ರೊಟ್ಟಿ ಹಾಕಿದರು. ಗ್ಯಾಸಿನ ಮುಂದೆ ನಿಂತು ಮಾಡಿದ್ದರಿಂದ ಮೊದಲಿನ ಹಾಗೆ ಆಗಂಗಿಲ್ಲ ಎಂದು ಬೇಸರಪಟ್ಟುಕೊಂಡರು. ನಾನು ಕೈ ತೊಳೆದು ಬಂದ ಮೇಲೆ ಎದುರಿಗೆ ಕೂತರು.

“ಮಾಸ್ತರ್ರೀ, ಒಂದ ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ಆ ಕಡೀ ನಾಟಕದಾಗ ನಿಮ್ಮಿಬ್ಬರ ನಡುವ ಏನಾಗಿತ್ರಿ? ನಾ ಎಷ್ಟ ಸಲ ಕೇಳಿದ್ರೂ ಅವರು ಹೇಳಲಿಲ್ಲ. ಮಾಸ್ತರಗ ಕೆಲಸ ಭಾಳ, ಅದಕ್ಕ ಬರಂಗಿಲ್ಲ, ಅಂತಿದ್ರು.”

ಅವನು ಹೆಂಡತಿಗೂ ಹೇಳಿರಲಿಲ್ಲ. ಎರಡು ವರ್ಷ ಮನೆಯಲ್ಲಿ ನನ್ನ ಮರ್ಯಾದೆ ಕಾಪಾಡಿದ್ದ.

“ಏನೂ ಇಲ್ರಿ ವೈನಿ” ಎಂದೆ. “ನನಗ ಕೆಲಸ ಭಾಳ ಇತ್ತು.”

ಅವರು ನನ್ನ ಮುಖ ನೋಡಿ, ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಹೊರಡುವಾಗ ಶೇಂಗಾ ಹಿಂಡಿಯ ಒಂದು ಪೊಟ್ಟಣ ಕೈಗೆ ಕೊಟ್ಟರು. ಲಿಫ್ಟು ಕೆಟ್ಟಿತ್ತು, ಐದು ಮಹಡಿ ಇಳಿದೇ ಬಂದೆ. ಬಸ್‌ಸ್ಟಾಪಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡ ಹುಡುಗರು ಸಾಲಾಗಿ ನಿಂತು, ಕಿವಿಗೆ ತಂತಿ ಸಿಕ್ಕಿಸಿಕೊಂಡು, ತಮ್ಮ ತಮ್ಮ ಫೋನಿನಲ್ಲಿ ಮಾತಾಡುತ್ತಿದ್ದರು. ನಾನು ಅವರ ಹಿಂದೆ ಹೋಗಿ ನಿಂತೆ.